ದುಃಖವನ್ನು ಹೇಗೆ ಬರೆಯಬೇಕು?

ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯಬೇಕು. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟ ಕೆಲಸ ಇಷ್ಟೇ. ಕೆಲವರು ಯಾವುದೋ ಮಾಮೂಲಿ ವಿಷಯ ಬರೆದರು. ಉಳಿದವರು ತಮ್ಮ ಬದುಕಿನ ದೊಡ್ಡ ನೋವನ್ನು ಬರೆದರು. ಅವರ ಮನಸ್ಸು ಆ ಹೊತ್ತಿಗೆ ಇನ್ನಷ್ಟು ಭಾರವಾಯಿತು. ಆದರೆ ನಡೆದದ್ದನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ 6 ತಿಂಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಇದು ಪ್ರಕಟವಾದದ್ದು 1986ರಲ್ಲಿ.

ಅಂದರೆ ಸಂಕಟವನ್ನೆಲ್ಲ ಹಾಳೆಗೆ ಸುರಿದರೆ ಸಾಕೇ? ನನಗೆ ಹಾಗನಿಸುವುದಿಲ್ಲ. ಸಂಗಾತಿ ತೀರಿಕೊಂಡು ಹೆಚ್ಚು ಕಾಲವಾಗಿರದವರಿಂದ ಬರೆಸಿ ನೋಡಿದ ಮನೋವಿಜ್ಞಾನಿ ಮಾರ್ಗರೆಟ್ ಸ್ಟ್ರೋಬೆ ಅವರ ತಂಡಕ್ಕೆ ಅಂಥ ಲಾಭವೇನೂ ಕಾಣಲಿಲ್ಲ. ಅದು 2002ರ ಅಧ್ಯಯನ. ಸಾವಿನ ದುಃಖ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಪೆನ್ನೆಬೇಕರ್ ಮತ್ತು ಜೊತೆಗಾರರು ಮುಂದೆ ಆ ಬರಹಗಳ ಪದಗಳನ್ನೇ ಕಂಪ್ಯೂಟರಿನಲ್ಲಿ ಎಣಿಸಿದರು. ದಿನ ಕಳೆದಂತೆ ‘ಏಕೆಂದರೆ’, ‘ಈಗ ಅರ್ಥವಾಗುತ್ತಿದೆ’ ಎನ್ನುವಂಥ ಮಾತು ಯಾರ ಬರಹದಲ್ಲಿ ಜಾಸ್ತಿಯಾಯಿತೋ ಅವರ ಆರೋಗ್ಯ ಹೆಚ್ಚು ಸುಧಾರಿಸಿತ್ತು. ನೋವನ್ನು ಹೊರಹಾಕುವುದಕ್ಕಿಂತ ಅದರ ಎಳೆಗಳನ್ನು ಹುಡುಕುವುದು ಮುಖ್ಯ ಅಂತಾಯಿತು, ಅಲ್ವಾ?

ಉಪಮೆ, ರೂಪಕಗಳು ನೆರವಿಗೆ ಬರುವುದು ಇಲ್ಲೇ ಎಂದು ನನ್ನ ನಂಬಿಕೆ. ‘ತುಂಬಾ ದುಃಖವಾಗಿದೆ’ ಎಂದು ಬರೆದರೆ ಮಾತು ಅಲ್ಲಿಗೇ ನಿಂತಿತು. ‘ಎದೆ ಮೇಲೆ ಬಂಡೆ ಇಟ್ಟ ಹಾಗಿದೆ’ ಎಂದು ಬರೆದರೆ ದುಃಖಕ್ಕೆ ತೂಕ ಬಂತು, ಜಾಗ ಸಿಕ್ಕಿತು. ಇನ್ನು ಅದನ್ನು ಪ್ರಶ್ನೆ ಕೇಳಬಹುದು. ಈ ಬಂಡೆ ಯಾವಾಗ ಹೆಚ್ಚು ಭಾರ? ರಾತ್ರಿಯೋ, ಅಪ್ಪನ ಕೋಣೆಯ ಬಾಗಿಲು ತೆರೆದಾಗಲೋ? ಯಾರು ಪಕ್ಕದಲ್ಲಿ ಕೂತರೆ ಸ್ವಲ್ಪ ಸರಿಯುತ್ತದೆ? ಉತ್ತರ ಬರೆಯುತ್ತಾ ಹೋದರೆ ‘ಏಕೆಂದರೆ’ ತಾನಾಗಿಯೇ ಬರುತ್ತದೆ.

ಮಿದುಳಿನ ಕಡೆಯಿಂದಲೂ ಒಂದು ಸುಳಿವಿದೆ. ಫೋಟೊದಲ್ಲಿರುವ ಮುಖದ ಭಾವಕ್ಕೆ ಹೆಸರು ಕೊಟ್ಟಾಗ, ಭಯಕ್ಕೆ ಚುರುಕಾಗುವ ಅಮಿಗ್ಡಾಲ ಎಂಬ ಭಾಗ ತಣ್ಣಗಾಗುವುದನ್ನು ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು. ಅದು ಸಾವಿನ ದುಃಖದ ಪ್ರಯೋಗವಲ್ಲ, ನಿಜ. ಆದರೂ ಅನಿಸಿದ್ದಕ್ಕೆ ಮಾತು ಕೊಡುವುದು ಮಿದುಳಿಗೂ ಮುಟ್ಟುತ್ತದೆ ಎಂದಾಯಿತು.

ಸಾವಾದ ಮೊದಲ ವಾರಗಳಲ್ಲೇ ಬರೆಯಿರಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಬರೆಯುವಾಗ ತಡೆಯಲಾಗದಷ್ಟು ಸಂಕಟವಾದರೆ ಅವತ್ತಿಗೆ ಪೆನ್ನು ಕೆಳಗಿಡಿ. ಆರು ತಿಂಗಳು ದಾಟಿದರೂ ದಿನದ ಕೆಲಸಗಳೇ ಸಾಗದಷ್ಟು ದುಃಖವಿದ್ದರೆ ಬರಹವೊಂದನ್ನೇ ನಂಬಿ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.