ಕಂಪ್ಯೂಟರಿನೊಳಗಿನ ಚಂಡಮಾರುತ ಎಷ್ಟು ನಿಜ?

ಪ್ರಶ್ನೆ: ಹವಾಗುಣದ ಕಂಪ್ಯೂಟರ್ ಮಾದರಿಗಳಲ್ಲಿ ಕಾಣುವ ಮಳೆ, ಚಂಡಮಾರುತಗಳು ನಿಜವಾದವುಗಳಂತೆಯೇ ಇರುತ್ತವೆಯೇ? ಅಥವಾ ಹಳೆಯ ಮಳೆ ಲೆಕ್ಕವನ್ನೇ ಮುಂದಕ್ಕೆ ಎಳೆದು ತೋರಿಸುತ್ತಾರೆಯೇ?

ಉತ್ತರ: ಪ್ರಶ್ನೆಯ ಎರಡನೆಯ ಭಾಗ ನನಗೆ ವರ್ಷಕ್ಕೆ ಹತ್ತಾರು ಸಲ ಎದುರಾಗುತ್ತದೆ. ಈ ತಪ್ಪು ತಿಳಿವಳಿಕೆ ಹೋಗದೆ ಮೊದಲ ಭಾಗ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಹವಾಗುಣ ಮಾದರಿಯು ಹಳೆಯ ಅಂಕಿಅಂಶಗಳ ಗೆರೆಯನ್ನು ಮುಂದುವರಿಸುವ ಯಂತ್ರವಲ್ಲ. ಅದಕ್ಕೆ ಒದಗಿಸುವುದು ಭೂಮಿಯ ಗಾತ್ರ, ಅದು ತಿರುಗುವ ವೇಗ, ಬಿಸಿಲಿನ ಪ್ರಮಾಣ, ನೆಲ ಮತ್ತು ಕಡಲುಗಳ ಹರಹು, ಗಾಳಿಯಲ್ಲಿರುವ ಅನಿಲಗಳ ಪಾಲು, ಇವುಗಳ ಜೊತೆಗೆ ಗಾಳಿ, ನೀರು, ಶಾಖಗಳ ಚಲನೆಯನ್ನು ಆಳುವ ಭೌತಶಾಸ್ತ್ರದ ಸಮೀಕರಣಗಳು. ಚಂಡಮಾರುತವನ್ನು ಯಾರೂ ಒಳಗೆ ತುರುಕುವುದಿಲ್ಲ. ಕಂಪ್ಯೂಟರು ಹತ್ತಿಪ್ಪತ್ತು ನಿಮಿಷಕ್ಕೊಂದು ಹೆಜ್ಜೆಯಂತೆ ಲೆಕ್ಕ ಹಾಕುತ್ತ ಹೋದಾಗ, ಮಳೆಗಾಲ ಹತ್ತಿರವಾಗುತ್ತಿದ್ದಂತೆ ಅರಬ್ಬೀ ಸಮುದ್ರದ ಗಾಳಿ ತಾನಾಗಿಯೇ ನೈಋತ್ಯದಿಂದ ಬೀಸತೊಡಗುತ್ತದೆ. ಬೆಚ್ಚಗಿನ ಕಡಲಿನ ಮೇಲೆ ಸುಳಿಗಳು ಹುಟ್ಟಿ, ಉತ್ತರಾರ್ಧಗೋಳದಲ್ಲಿ ಅಪ್ರದಕ್ಷಿಣವಾಗಿಯೂ ದಕ್ಷಿಣಾರ್ಧದಲ್ಲಿ ಪ್ರದಕ್ಷಿಣವಾಗಿಯೂ ತಿರುಗುತ್ತವೆ.

ಹಳೆಯ ಲೆಕ್ಕದಿಂದ ಹೇಳಲಾಗದ್ದನ್ನು ಮಾದರಿಗಳು ಹೇಳಿವೆ ಎಂಬುದೇ ಇದಕ್ಕೆ ಪುರಾವೆ. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ನೆಲದ ಬಳಿ ಬಿಸಿಯೇರುತ್ತದೆ, ಆದರೆ ಮೇಲಿನ ವಾಯುಸ್ತರವಾದ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಉಪಗ್ರಹಗಳ ಅಳತೆ ಅದನ್ನು ದೃಢಪಡಿಸಿದ್ದು ಆಮೇಲೆ. ಮನಾಬೆ ಅವರಿಗೆ ನೊಬೆಲ್ ಬಂದದ್ದು 2021ರಲ್ಲಿ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ, ಜೇಮ್ಸ್ ಹ್ಯಾನ್ಸನ್ ಅವರ ತಂಡ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿ ಮತ್ತೆ ಚೇತರಿಸಿಕೊಳ್ಳುವುದೆಂದು ಮುಂಚಿತವಾಗಿಯೇ ಪ್ರಕಟಿಸಿತು, ಹೆಚ್ಚುಕಡಿಮೆ ಹಾಗೆಯೇ ಆಯಿತು. ಗೆರೆ ಎಳೆಯುವವನಿಗೆ ಇದು ಸಾಧ್ಯವಿರಲಿಲ್ಲ.

ಈಗ ಮೊದಲ ಭಾಗ. ಮಾದರಿಯೊಳಗೆ 2050ರ ಮೇ 17ರಂದು ಮಂಗಳೂರಿನಾಚೆ ಚಂಡಮಾರುತ ಕಂಡರೆ ಅದು ಆ ದಿನದ ಮುನ್ಸೂಚನೆಯಲ್ಲ. ಅಂಥವು ದಶಕಕ್ಕೆ ಎಷ್ಟು, ಎಷ್ಟು ಬಲದವು ಎಂಬುದನ್ನು ಮಾತ್ರ ಅದರಿಂದ ಓದಬೇಕು. ಆ ಬಲದಲ್ಲಿಯೂ ಕೊರತೆಯಿದೆ. ಬಹುಪಾಲು ಮಾದರಿಗಳು ಭೂಮಿಯನ್ನು ಸುಮಾರು 100 ಕಿ.ಮೀ. ಅಗಲದ ಚೌಕಗಳಾಗಿ ಹಂಚಿಕೊಳ್ಳುತ್ತವೆ. ಚಂಡಮಾರುತದ ಕಣ್ಣಿನ ಅಗಲ ಸಾಮಾನ್ಯವಾಗಿ 30ರಿಂದ 60 ಕಿ.ಮೀ.; ಅದು ಒಂದೇ ಚೌಕದೊಳಗೆ ಮುಳುಗಿಹೋಗುವುದರಿಂದ ಮಾದರಿಯ ಚಂಡಮಾರುತ ಅಗಲವಾಗಿ, ಸಡಿಲವಾಗಿ ಇರುತ್ತದೆ. ಚೌಕವನ್ನು 25 ಕಿ.ಮೀ.ಗೆ ಇಳಿಸಿದರೆ ರೂಪ ಬಹಳ ಸುಧಾರಿಸುತ್ತದೆ, ಆದರೂ ಅತ್ಯಂತ ಉಗ್ರವಾದವುಗಳ ಗಾಳಿಯ ವೇಗ ಕಡಿಮೆಯೇ ಬರುತ್ತದೆ.

ನಮ್ಮ ಘಟ್ಟಗಳ ಪಾಡೂ ಇದೇ. ಉಡುಪಿಯಿಂದ ಚಿಕ್ಕಮಗಳೂರಿನವರೆಗಿನ ಕರಾವಳಿ, ಕಡಿದಾದ ಗೋಡೆ, ಕಾಡು, ಬಯಲಿನ ಅಂಚು ಎಲ್ಲವೂ ಹೆಚ್ಚುಕಡಿಮೆ ಒಂದೇ ಚೌಕವಾಗಿ, ಒಂದೇ ಸರಾಸರಿ ಎತ್ತರ ಪಡೆಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಸುವ, ಚಳ್ಳಕೆರೆಗೆ 500 ಮಿ.ಮೀ. ಕೂಡ ಉಳಿಸದ ಆ ಗೋಡೆ ಅಲ್ಲಿ ಮಂದವಾದ ಇಳಿಜಾರು. ಚೌಕದ ಅಗಲವನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟು ಹೆಚ್ಚುತ್ತವೆ, ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕಾಗುತ್ತದೆ, ಲೆಕ್ಕದ ಹೊರೆ ಎಂಟು ಪಟ್ಟಾಗುತ್ತದೆ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಮಾದರಿಯಲ್ಲಿ ಮಳೆ ಎಷ್ಟು ಹೊತ್ತಿಗೆ ಬರುತ್ತದೆ? ಭರಣಿ ಮಳೆ ಕಂಡವರಿಗೆ ಗೊತ್ತು, ಮಧ್ಯಾಹ್ನವೆಲ್ಲ ಧಗೆ, ನಾಲ್ಕರ ಮೇಲೆ ಮೋಡ ಕಟ್ಟಿ, ಸಂಜೆ ಗುಡುಗು. ದೊಡ್ಡ ಚೌಕದ ಮಾದರಿಗಳಲ್ಲಿ ನೆಲದ ಮೇಲಿನ ಮಳೆ ನಡುಮಧ್ಯಾಹ್ನಕ್ಕೇ ಬಂದುಬಿಡುತ್ತದೆ, ಅದೂ ಆಗಾಗ, ಜಿನುಗುವಂತೆ. ಗುಡುಗಿನ ಮೋಡದ ಅಗಲ ಕೆಲವೇ ಕಿ.ಮೀ. ಆದ್ದರಿಂದ ಅದನ್ನು ನೇರವಾಗಿ ಲೆಕ್ಕ ಹಾಕಲಾಗದೆ ಒಂದು ಅಂದಾಜು ಸೂತ್ರ ಬಳಸುತ್ತಾರೆ. ಮೋಡ ಮೆಲ್ಲಮೆಲ್ಲನೆ ಬೆಳೆಯಲು ಬೇಕಾದ ಆ ಕೆಲವು ಗಂಟೆಗಳನ್ನು ಸೂತ್ರ ಕಾಯುವುದಿಲ್ಲ, ನೆಲ ಕಾದೊಡನೆ ಮಳೆ ಸುರಿಸುತ್ತದೆ. ಜಪಾನಿನ ನಿಕಾಮ್‌ನಂಥ, ಮೂರ್ನಾಲ್ಕು ಕಿ.ಮೀ. ಚೌಕದ ಮಾದರಿಗಳಲ್ಲಿ ಆ ಸೂತ್ರವನ್ನು ಕೈಬಿಟ್ಟು ಮೋಡವನ್ನು ಅದರ ಪಾಡಿಗೆ ಬೆಳೆಯಲು ಬಿಟ್ಟಾಗ, ಮಳೆ ಮಧ್ಯಾಹ್ನವನ್ನು ಬಿಟ್ಟು ಸಂಜೆಯ ಕಡೆಗೆ ಸರಿಯುತ್ತದೆ.