ಬಣ್ಣ ಬರದ ಪ್ರನಾಳವನ್ನೂ ಓದಬೇಕು

ಬಣ್ಣವಿಲ್ಲದ ದ್ರಾವಣವೊಂದನ್ನು ಕೈಗಿತ್ತು, ಇದರಲ್ಲಿರುವ ಅಮೈನೋ ಆಮ್ಲ (ಪ್ರೋಟೀನುಗಳನ್ನು ಕಟ್ಟುವ ಘಟಕ) ಯಾವುದು ಎಂದು ಕೇಳುವುದು ಬಿಎಸ್ಸಿ ಪ್ರಾಯೋಗಿಕ ಪರೀಕ್ಷೆಯ ಹಳೆಯ ರೂಢಿ. ಶಿವಮೊಗ್ಗದ ಸುತ್ತಿನ ಕಾಲೇಜುಗಳಿಗೆ ಪರೀಕ್ಷಕನಾಗಿ ಹೋದಾಗ ನಾನು ಮೊದಲು ಕಣ್ಣಾಡಿಸುವುದು ಉತ್ತರ ಪತ್ರಿಕೆಯಲ್ಲಿ ‘ಬಣ್ಣ ಬರಲಿಲ್ಲ’ ಎಂದು ಬರೆದ ಸಾಲುಗಳ ಮೇಲೆ. ಹೆಚ್ಚಿನವರು ಆ ಸಾಲುಗಳನ್ನು ಬರೆಯುವುದೇ ಇಲ್ಲ. ಒಂದು ಪ್ರನಾಳ ಕೆಂಪಾದರೆ ಸಾಕು, ಅದಕ್ಕೊಂದು ಹೆಸರಿಟ್ಟು ಎದ್ದುಬಿಡುತ್ತಾರೆ.

ಅಮೈನೋ ಆಮ್ಲ ಇದೆಯೇ ಎಂದು ನೋಡುವ ನಿನ್‌ಹೈಡ್ರಿನ್ ಪರೀಕ್ಷೆಯಿಂದಲೇ ಹೊರಡೋಣ. 1910ರಲ್ಲಿ ಸೀಗ್‌ಫ್ರೀಡ್ ರೂಹೆಮನ್ ಗುರುತಿಸಿದ ಈ ಕ್ರಿಯೆಯಲ್ಲಿ, ಕುದಿಯುವ ನೀರಿನಲ್ಲಿಟ್ಟ ಪ್ರನಾಳ ಕೆಲವೇ ನಿಮಿಷಗಳಲ್ಲಿ ಗಾಢ ನೇರಳೆಯಾಗುತ್ತದೆ. ನೋಡಲು ಚೆಂದ, ಹೇಳುವುದು ಮಾತ್ರ ಕಡಿಮೆ. ಅಮೈನೋ ಆಮ್ಲದಿಂದ ನಿನ್‌ಹೈಡ್ರಿನ್ ಕಿತ್ತುಕೊಳ್ಳುವುದು ಸಾರಜನಕವೊಂದನ್ನೇ. ಉಳಿದ ಭಾಗ ಇಂಗಾಲದ ಡೈಆಕ್ಸೈಡ್ ಮತ್ತು ಆಲ್ಡಿಹೈಡ್ ಆಗಿ ಬೇರೆಯಾಗುತ್ತದೆ. ಆ ಒಂದು ಸಾರಜನಕವನ್ನು ನಡುವೆ ಇಟ್ಟುಕೊಂಡು ಎರಡು ನಿನ್‌ಹೈಡ್ರಿನ್ ಅಣುಗಳು ಬೆಸೆದಾಗ ಹುಟ್ಟುವ ಬಣ್ಣದಲ್ಲಿ ಮೂಲ ಅಮೈನೋ ಆಮ್ಲದ ಗುರುತು ಉಳಿಯುವುದಾದರೂ ಹೇಗೆ? ಗ್ಲೈಸಿನ್ ಆದರೂ ಲ್ಯೂಸಿನ್ ಆದರೂ ಅದೇ ನೇರಳೆ. ಪ್ರೋಲಿನ್‌ನ ಸಾರಜನಕ ಉಂಗುರದೊಳಗೆ ಸಿಕ್ಕಿಕೊಂಡಿರುವುದರಿಂದ ಅದು ಮಾತ್ರ ಹಳದಿ ಕೊಡುತ್ತದೆ. ಬೆರಳ ಬೆವರಿನಲ್ಲೂ ಅಮೈನೋ ಆಮ್ಲಗಳಿರುತ್ತವೆ. ಕಾಗದದ ಮೇಲಿನ ಬೆರಳಚ್ಚನ್ನು ಪೊಲೀಸರು ಇದೇ ರಾಸಾಯನಿಕದಿಂದ ಎಬ್ಬಿಸುವುದು. ಹಾಗಾಗಿ ಬರಿಯ ಬಟ್ಟಿ ಇಳಿಸಿದ ನೀರಿನ ಪ್ರನಾಳವೊಂದನ್ನು ಜೊತೆಗೇ ಕಾಯಿಸದ ವಿದ್ಯಾರ್ಥಿಯ ನೇರಳೆಯನ್ನು ನಾನು ನಂಬುವುದಿಲ್ಲ.

ಪ್ರಬಲ ನೈಟ್ರಿಕ್ ಆಮ್ಲ ಹಾಕಿ ಕಾಯಿಸಿದಾಗ ಹಳದಿ, ಕ್ಷಾರ ಸೇರಿಸಿದಾಗ ಕಿತ್ತಳೆ ಬಂದರೆ ಟೈರೋಸಿನ್ ಅಥವಾ ಟ್ರಿಪ್ಟೋಫ್ಯಾನ್ ಇದೆ ಎಂದರ್ಥ. ಆಮ್ಲ ತಾಗಿದ ಬೆರಳು ಹಳದಿಯಾಗುವುದೂ ಚರ್ಮದ ಪ್ರೋಟೀನಿನಲ್ಲಿ ಇವು ಇರುವುದರಿಂದಲೇ. ಫೀನೈಲ್‌ಅಲನಿನ್‌ನಲ್ಲೂ ಬೆಂಜೀನ್ ಉಂಗುರವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಆ ಉಂಗುರ ಸುಲಭಕ್ಕೆ ಮಣಿಯುವುದಿಲ್ಲ. ಈ ಪರೀಕ್ಷೆಯಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ.

ಟ್ರಿಪ್ಟೋಫ್ಯಾನನ್ನು ಬೇರೆ ಮಾಡುವುದು ಹಾಪ್‌ಕಿನ್ಸ್–ಕೋಲ್ ಪರೀಕ್ಷೆ. ಇದರ ಹಿಂದಿನ ಕಥೆಯನ್ನು ತರಗತಿಯಲ್ಲಿ ಹೇಳದೆ ನಾನು ಮುಂದೆ ಹೋಗುವುದಿಲ್ಲ. ಅಸಿಟಿಕ್ ಆಮ್ಲ ಮತ್ತು ಪ್ರಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಪ್ರೋಟೀನು ನೇರಳೆಯಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು. ಆದರೆ ಕೆಲವು ಬಾಟಲಿಗಳ ಅಸಿಟಿಕ್ ಆಮ್ಲ ಬಣ್ಣ ಕೊಡುತ್ತಿರಲಿಲ್ಲ. ನಿಜಕ್ಕೂ ಕೆಲಸ ಮಾಡುತ್ತಿದ್ದುದು ಅದರಲ್ಲಿ ಕಲ್ಮಶವಾಗಿ ಸೇರಿದ್ದ ಗ್ಲೈಆಕ್ಸಿಲಿಕ್ ಆಮ್ಲ ಎಂದು 1901ರಲ್ಲಿ ಹಾಪ್‌ಕಿನ್ಸ್ ಮತ್ತು ಕೋಲ್ ತೋರಿಸಿಕೊಟ್ಟರು. ಆಮ್ಲ ಶುದ್ಧವಾದಷ್ಟೂ ಪರೀಕ್ಷೆ ಸೋಲುತ್ತಿತ್ತು! ಬಣ್ಣ ಬರದ ಪ್ರನಾಳವನ್ನು ಅವರು ತೊಳೆದು ಬದಿಗಿಟ್ಟಿದ್ದರೆ ಟ್ರಿಪ್ಟೋಫ್ಯಾನ್ ಕೈಗೆ ಸಿಗುವುದು ಇನ್ನಷ್ಟು ತಡವಾಗುತ್ತಿತ್ತು.

ಇಲ್ಲಿ ಕೈಚಳಕ ಬೇಕು. ದ್ರಾವಣಕ್ಕೆ ಗ್ಲೈಆಕ್ಸಿಲಿಕ್ ಆಮ್ಲ ಬೆರೆಸಿದ ಪ್ರನಾಳವನ್ನು ಓರೆಯಾಗಿ ಹಿಡಿದು, ಸಲ್ಫ್ಯೂರಿಕ್ ಆಮ್ಲವನ್ನು ಒಳಗೋಡೆಗುಂಟ ನಿಧಾನವಾಗಿ ಇಳಿಸಬೇಕು. ನೀರಿಗಿಂತ ಸುಮಾರು 1.8 ಪಟ್ಟು ಭಾರವಾದ ಆಮ್ಲ ಜಾರಿ ತಳ ಸೇರುತ್ತದೆ. ಕುಲುಕದೆ ನೇರ ಮಾಡಿ ಒಂದೆರಡು ನಿಮಿಷ ಬಿಟ್ಟರೆ, ಎರಡು ಪದರ ಕೂಡುವಲ್ಲಿ ತೆಳುವಾದ ನೇರಳೆ ಉಂಗುರ ಕಟ್ಟುತ್ತದೆ. ಕಂದು ಉಂಗುರ ಕಂಡರೆ ಸಕ್ಕರೆಯಂಥದ್ದೇನೋ ಸುಟ್ಟಿದೆ ಎಂದು ಸಂಶಯಪಡಿ. ನಮ್ಮ ಮಳೆಗಾಲವೂ ಇದರಲ್ಲಿ ಕೈಹಾಕುತ್ತದೆ. ಬಿರಡೆ ಸರಿಯಾಗಿ ಕೂರದ ಬಾಟಲಿಯ ಸಲ್ಫ್ಯೂರಿಕ್ ಆಮ್ಲ ಆಷಾಢದ ಗಾಳಿಯಿಂದ ತೇವ ಹೀರಿ ಸಪ್ಪೆಯಾಗುತ್ತದೆ, ಸೋಡಿಯಂ ಹೈಡ್ರಾಕ್ಸೈಡಿನ ಗುಳಿಗೆಗಳು ನೋಡನೋಡುತ್ತಲೇ ಒದ್ದೆಯಾಗುತ್ತವೆ. ಗೊತ್ತಿರುವ ಟ್ರಿಪ್ಟೋಫ್ಯಾನ್ ದ್ರಾವಣದಲ್ಲಿ ಉಂಗುರ ಬಂದಿದ್ದರೆ ಮಾತ್ರ, ಗೊತ್ತಿಲ್ಲದ್ದರಲ್ಲಿ ಬರಲಿಲ್ಲ ಎಂಬ ಮಾತಿಗೆ ಬೆಲೆ.

ಟೈರೋಸಿನ್‌ಗೆ ಪಠ್ಯಗಳು ಹೇಳುವುದು ಪಾದರಸ ಬಳಸುವ ಮಿಲ್ಲನ್ ಪರೀಕ್ಷೆ. ಇಟ್ಟಿಗೆ ಕೆಂಪು ಬಣ್ಣ ಎಷ್ಟೇ ಖಚಿತವಾಗಿದ್ದರೂ ಇದನ್ನು ಬಿಡಬೇಕು ಎಂಬುದು ನನ್ನ ಹಟ. ತುಂಗೆಯ ದಡದ ಊರಿನಲ್ಲಿ ಸಿಂಕಿಗೆ ಸುರಿದದ್ದು ಕೊನೆಗೆ ಸೇರುವುದೆಲ್ಲಿಗೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನೈಟ್ರೋಸೋನ್ಯಾಫ್ಥಾಲ್ ಮತ್ತು ನೈಟ್ರಿಕ್ ಆಮ್ಲದೊಡನೆ ಕಾಯಿಸಿದರೂ ಟೈರೋಸಿನ್ ಕೆಂಪಾಗುತ್ತದೆ, ಪಾದರಸದ ಗೊಡವೆಯಿಲ್ಲ.

ಗಂಧಕದ ಪರೀಕ್ಷೆ ಸರಳ. ಕ್ಷಾರದಲ್ಲಿ ಕುದಿಸಿ ಲೆಡ್ ಅಸಿಟೇಟ್ ಹಾಕಿದರೆ ಸಿಸ್ಟೀನ್ ಕಪ್ಪಾಗುತ್ತದೆ. ಒಂದು ಹಿಡಿ ತಲೆಗೂದಲಲ್ಲೂ ಇದನ್ನು ಮಾಡಿ ನೋಡಬಹುದು. ಮೆಥಿಯೋನಿನ್‌ನ ಗಂಧಕವನ್ನು ಎರಡೂ ಬದಿಯಿಂದ ಇಂಗಾಲ ಹಿಡಿದಿರುವುದರಿಂದ ಅದು ಬಿಟ್ಟುಕೊಡುವುದಿಲ್ಲ. ಆರ್ಜಿನಿನ್ ಎಂಬ ಅಮೈನೋ ಆಮ್ಲಕ್ಕೆ ಸಕಾಗುಚಿ ಪರೀಕ್ಷೆ, ಹಿಸ್ಟಿಡಿನ್‌ಗೆ ಪೌಲಿ ಪರೀಕ್ಷೆ. ಪೌಲಿ ಟೈರೋಸಿನ್‌ಗೂ ಕೆಂಪಾಗುತ್ತದೆ ಎಂಬುದನ್ನು ಮರೆಯಬೇಡಿ.

ಮಲೆನಾಡಿನವರಿಗೆ ಒಂದು ಒಳ್ಳೆಯ ಮಾದರಿ ಅಡುಗೆಮನೆಯಲ್ಲೇ ಇದೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕುವುದು ಅದರೊಳಗಿನ ಸಯನೈಡ್ ಅಂಶ ಹೋಗಲೆಂದು. ಆ ಸಯನೈಡಿನ ಮೂಲವಾದ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವನ್ನು ಬಿದಿರು ಟೈರೋಸಿನ್‌ನಿಂದಲೇ ಕಟ್ಟಿಕೊಳ್ಳುತ್ತದೆ. ಬೇಯಿಸಿ ಆರಿಸಿದ ಕಳಲೆಯ ಗೆಣ್ಣಿನ ಸಂದುಗಳಲ್ಲಿ ಕೆಲವೊಮ್ಮೆ ಬಿಳಿಯ ಪುಡಿ ಕಾಣುತ್ತದೆ. ಹಾಳಾಗಿದೆ ಎಂದು ಎಸೆಯುವವರೂ ಇದ್ದಾರೆ. ಸಾಮಾನ್ಯವಾಗಿ ಅದು ಟೈರೋಸಿನ್ನೇ. ತಣ್ಣೀರಿನಲ್ಲಿ ಲೀಟರಿಗೆ ಅರ್ಧ ಗ್ರಾಮಿನಷ್ಟೂ ಕರಗದೆ ಹೊರಬಿದ್ದಿರುತ್ತದೆ.

ಆ ಪುಡಿಯನ್ನು ಕೆರೆದು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಗಿಡದ ಬೇರೆ ಫೀನಾಲುಗಳು ದಾರಿ ತಪ್ಪಿಸುತ್ತವೆ. ಬಿಸಿನೀರಿನಲ್ಲಿ ಕರಗಿಸಿ ನಿನ್‌ಹೈಡ್ರಿನ್ ಹಾಕಿದರೆ ನೇರಳೆ. ಪ್ರೋಟೀನನ್ನು ಗುರುತಿಸುವ ಬೈಯೂರೆಟ್ ಪರೀಕ್ಷೆಗೆ ಬಣ್ಣವಿಲ್ಲ, ಅಂದರೆ ಇದು ಪ್ರೋಟೀನಲ್ಲ. ನೈಟ್ರಿಕ್ ಆಮ್ಲಕ್ಕೆ ಹಳದಿ. ಹಾಪ್‌ಕಿನ್ಸ್–ಕೋಲ್ ಉಂಗುರವಿಲ್ಲ, ಟ್ರಿಪ್ಟೋಫ್ಯಾನ್ ಆಚೆ ಹೋಯಿತು. ನೈಟ್ರೋಸೋನ್ಯಾಫ್ಥಾಲ್‌ಗೆ ಕೆಂಪು. ಇಷ್ಟೂ ಸಾಲು ಉತ್ತರ ಪತ್ರಿಕೆಯಲ್ಲಿದ್ದರೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಣ್ಣ ಬಂದ ಮೂರನ್ನಷ್ಟೇ ಬರೆದರೆ ಕೊಡುವುದಿಲ್ಲ.

ನಿನ್‌ಹೈಡ್ರಿನ್ ಬಿಟ್ಟು ಉಳಿದ ಯಾವುದಕ್ಕೂ ಬಣ್ಣ ಬರದಿದ್ದರೆ? ಅದು ಗ್ಲೈಸಿನ್ ಎಂದು ಬರೆಯುವವರು ಬಹಳ. ಅಲನಿನ್, ವ್ಯಾಲಿನ್, ಲ್ಯೂಸಿನ್‌ಗಳೂ ಇಲ್ಲಿ ಹೀಗೆಯೇ ನಡೆದುಕೊಳ್ಳುತ್ತವೆ. ‘ಸರಳ ಪಾರ್ಶ್ವ ಸರಪಳಿಯ ಅಮೈನೋ ಆಮ್ಲ, ಹೆಸರಿಡಲು ಕಾಗದದ ಕ್ರೊಮ್ಯಾಟೋಗ್ರಫಿ ಬೇಕು’ ಎಂದು ಬರೆಯಿರಿ (ಕಾಗದದ ಮೇಲೆ ದ್ರವ ಹರಿಸಿ ಅಂಶಗಳನ್ನು ಬೇರ್ಪಡಿಸುವ ವಿಧಾನವದು). ಬಾಟಲಿಯಲ್ಲಿ ಗ್ಲೈಸಿನ್ನೇ ಇದ್ದರೂ ನನ್ನ ಪ್ರಕಾರ ಸರಿಯುತ್ತರ ಇದೇ.