ಗಾಳಿಗೆ ಬಂದ ಮೀನು, ಬ್ಯಾರಲ್ಲಿಗೆ ಬಿದ್ದ ಎಣ್ಣಿ

ಹುಬ್ಬಳ್ಳಿ ನವನಗರದ ಓದುಗರೊಬ್ಬರು ಕೇಳಿದ್ದಾರೆ: "ನಳ ಬಂದಾಗ ಬ್ಯಾರಲ್ ತುಂಬಿಸಿ ಇಡ್ತೀವ್ರಿ, ಅದ್ರಾಗ ಸೊಳ್ಳಿ ಹುಳ ಆಗ್ತಾವ. ನಾಕ್ ಹನಿ ಎಣ್ಣಿ ಬಿಟ್ರ ಸಾಯ್ತಾವ, ಉಸಿರುಗಟ್ಟತೈತಿ ಅಂತಾರ. ಮೀನು ನೋಡಿದ್ರ ಗಾಳಿಗೆ ತಂದ್ರ ಉಸಿರುಗಟ್ಟಿ ಸಾಯ್ತೈತಿ. ಎರಡೂ ನೀರಾಗಿನ ಜೀವ ಅಲ್ಲೇನ್ರಿ?"

ಇರುವುದು ನೀರಿನಲ್ಲೇ. ಆದರೆ ಸೊಳ್ಳೆಹುಳಕ್ಕೆ ಬೇಕಾದದ್ದು ಗಾಳಿ. ಬ್ಯಾರಲ್ಲಿಗೆ ಟಾರ್ಚ್ ಹಿಡಿದು ನೋಡಿ. ಹುಳಗಳು ತಲೆ ಕೆಳಗೆ ಮಾಡಿ ನೇತಾಡುತ್ತಿರುತ್ತವೆ, ಹಿಂಭಾಗದ ಸಣ್ಣ ಕೊಳವೆಯ ಬಾಯಿ ನೀರಿನ ಮೇಲ್ಮೈಗೆ ತಾಗಿರುತ್ತದೆ. ಬ್ಯಾರಲ್ ತಟ್ಟಿದರೆ ಕೊಂಕುತ್ತ ತಳಕ್ಕಿಳಿದು, ಸ್ವಲ್ಪ ಹೊತ್ತಿಗೆ ಒಂದೊಂದೇ ಮೇಲೆ ಬರುತ್ತವೆ. (ಮಲೇರಿಯಾ ಹರಡುವ ಅನಾಫಿಲಿಸ್‌ಗೆ ಈ ಕೊಳವೆ ಇಲ್ಲ, ಅದು ಮೇಲ್ಮೈಗೆ ಅಡ್ಡಲಾಗಿ ಮಲಗುತ್ತದೆ.) ಕೊಳವೆಯ ಬಾಯಿಗೆ ನೀರು ಅಂಟುವುದಿಲ್ಲ, ಹಾಗಾಗಿ ಒಳಗೂ ನುಗ್ಗುವುದಿಲ್ಲ. ಎಣ್ಣೆ ಅಂಟುತ್ತದೆ, ನುಸುಳುತ್ತದೆ, ದಾರಿ ಕಟ್ಟುತ್ತದೆ.

ಕೀಟಗಳ ಉಸಿರಾಟವೇ ಹೀಗೆ, ಮೂಗು-ಬಾಯಿಗೆ ಸಂಬಂಧವಿಲ್ಲ. ಜೋಳದ ಹೊಲದಲ್ಲೊಂದು ಮಿಡತೆ ಹಿಡಿದು ನೋಡಿ, ಹೊಟ್ಟೆ ತಿದಿಯಂತೆ ಉಬ್ಬಿ ಇಳಿಯುತ್ತಿರುತ್ತದೆ. ಅದರ ಎರಡೂ ಮಗ್ಗುಲಲ್ಲಿ ಒಟ್ಟು 10 ಜೊತೆ ಶ್ವಾಸರಂಧ್ರಗಳಿವೆ, ಜಿರಳೆಗೂ ಅಷ್ಟೇ. ಅಲ್ಲಿಂದ ಹೊರಟ ನಾಳಗಳು ಕವಲೊಡೆಯುತ್ತ ಮೈಯ ಮೂಲೆಮೂಲೆಗೂ ಗಾಳಿಯನ್ನೇ ನೇರ ಒಯ್ಯುತ್ತವೆ. ರಕ್ತಕ್ಕೆ ಆಮ್ಲಜನಕ ಹೊರುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅದು ಕೆಂಪಗೂ ಇರುವುದಿಲ್ಲ, ಸೊಳ್ಳೆ ಹೊಡೆದಾಗ ಕೈಗೆ ಹತ್ತುವ ಕೆಂಪು ನಮ್ಮದೇ! ಬಿಸಿಲಿಗೆ ಮೈ ಒಣಗದಂತೆ ಬಹಳಷ್ಟು ಕೀಟಗಳು ಈ ರಂಧ್ರಗಳನ್ನು ಮುಚ್ಚಿ-ತೆರೆಯುವುದೂ ಉಂಟು.

ಇನ್ನು ಮೀನು. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 8 ಮಿಲಿಗ್ರಾಂ ಆಸುಪಾಸು. ಒಂದು ಲೀಟರ್ ಗಾಳಿಯಲ್ಲಿ ಅದರ 30 ಪಟ್ಟಿಗೂ ಜಾಸ್ತಿ. ಇಷ್ಟು ಬಡ ನೀರಿನಿಂದಲೇ ಗಿಟ್ಟಿಸಿಕೊಳ್ಳಬೇಕಾದ್ದರಿಂದ ಕಿವಿರಿನ ಎಳೆಗಳ ಮೇಲೆ ಸಾವಿರಾರು ತೆಳು ಪದರಗಳಿವೆ. ಬಾಯಿಂದ ಬಂದ ನೀರು ಅವುಗಳ ನಡುವೆ ಒಂದು ದಿಕ್ಕಿಗೆ ಹರಿದರೆ, ರಕ್ತ ಎದುರು ದಿಕ್ಕಿಗೆ ಹರಿಯುತ್ತದೆ. ಎದುರಾಬದುರು ಹರಿಯುವುದರಿಂದ ರಕ್ತಕ್ಕೆ ಕೊನೆತನಕ ತನಗಿಂತ ಆಮ್ಲಜನಕ ಹೆಚ್ಚಿರುವ ನೀರೇ ಸಿಗುತ್ತದೆ. ಕೆಲವು ಮೀನುಗಳು ಹೀಗೆ ಶೇಕಡಾ 80ರಷ್ಟನ್ನು ಹೀರಿಕೊಳ್ಳುತ್ತವೆ, ನಾವು ಒಳಗೆಳೆದದ್ದರಲ್ಲಿ ಕಾಲು ಭಾಗ ಬಳಸಿದರೆ ಹೆಚ್ಚು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸಲೀಸಾಗಿ ಕರಗುವುದರಿಂದ ಅದನ್ನು ಹೊರಹಾಕುವುದು ಮೀನಿಗೆ ಕಷ್ಟವಲ್ಲ.

ಹಾಗಾದರೆ ದಂಡೆಯ ಮೇಲೆ ಅಷ್ಟೊಂದು ಗಾಳಿಯಿದ್ದೂ ಯಾಕೆ ಸಾಯುತ್ತದೆ? ಕೊತ್ತಂಬರಿ ಸಿವುಡನ್ನು ಬೋಗುಣಿ ನೀರಿನಲ್ಲಿ ಅದ್ದಿ. ಎಲೆ ಎಲೆ ಬಿಡಿಬಿಡಿಯಾಗಿ ಅರಳುತ್ತದೆ. ಮೇಲೆತ್ತಿದರೆ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆ. ಕಿವಿರಿನ ಪದರಗಳದ್ದೂ ಇದೇ ಗತಿ. ಅಂಟಿಕೊಂಡ ಪದರಗಳ ನಡುವೆ ಗಾಳಿ ಹೋಗುವುದಿಲ್ಲ, ಹೊರಗಿನವು ಒಣಗತೊಡಗುತ್ತವೆ.

ಎಲ್ಲ ಮೀನಿಗೂ ಇದನ್ನು ಹೇಳುವಂತಿಲ್ಲ. ಕೊರವ ಮೀನಿಗೆ ಕಿವಿರಿನ ಮೇಲ್ಗಡೆ ಗಾಳಿ ಹಿಡಿಯುವ ಗೂಡಿದೆ, ಅದಕ್ಕೇ ಮಾರುಕಟ್ಟೆಯ ಬುಟ್ಟಿಯಲ್ಲೂ ಅದು ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಬೆಳೆದ ಕೊರವವನ್ನು ಮೇಲೆ ಬಂದು ಗಾಳಿ ನುಂಗದಂತೆ ತಡೆದರೆ, ನಿಮ್ಮ ಸೊಳ್ಳೆಹುಳದಂತೆ ನೀರೊಳಗೇ ಉಸಿರುಗಟ್ಟುತ್ತದೆ.

ಕೊನೆಗೆ ಬ್ಯಾರಲ್ಲಿನ ಮಾತು. ಕುಡಿಯುವ ನೀರಿಗೆ ಎಣ್ಣೆ ಯಾಕೆ, ಬಾಯಿಗೆ ಬಟ್ಟೆ ಬಿಗಿದರೆ ಸಾಕು. ಬಳಸುವ ನೀರಿಗೆ ಗಪ್ಪಿ ಮೀನು ಬಿಡಬಹುದು, ಹುಳ ತಿಂದು ಮುಗಿಸುತ್ತದೆ. ಆಗಂತೂ ಎಣ್ಣೆ ಬೇಡವೇ ಬೇಡ. ಆಮ್ಲಜನಕ ಕಡಿಮೆಯಾದಾಗ ಗಪ್ಪಿ ಬದುಕುವುದು ಗಾಳಿಗೆ ತಾಗಿದ ಮೇಲಿನ ತೆಳು ನೀರನ್ನು ಹೀರಿಕೊಂಡು. ಎಣ್ಣೆ ಹರಡುವುದು ಅಲ್ಲಿಯೇ.